ನಿಮಗಿದು ಗೊತ್ತೇ? ಕ್ಯಾಮೆರಾ ಕಣ್ಣಿಗೆ ಗೋವಾದ ಕುಂಚದ ಪಾಠ

ಗೋವಾಕ್ಕೆ ಹೋದವರೆಲ್ಲ ಫೋಟೊ ತೆಗೆಯುತ್ತಾರೆ. ಕಡಲು, ತೆಂಗಿನ ಮರ, ಮುಳುಗುವ ಸೂರ್ಯ, ನಡುವೆ ನಾವು! ಅದೇ ಗೋವಾದಲ್ಲಿ ನೂರಾರು ವರ್ಷಗಳಿಂದ ಜನ ಕಂಡದ್ದನ್ನು ಹಿಡಿದಿಡುತ್ತಲೇ ಬಂದಿದ್ದಾರೆ. ಕೆಲವರು ಕುಂಚದಲ್ಲಿ, ಕೆಲವರು ಕ್ಯಾಮೆರಾದಲ್ಲಿ. ಅವರ ಕೆಲಸವನ್ನು ಒಮ್ಮೆ ನೋಡಿಬಿಟ್ಟರೆ ನಿಮ್ಮ ಮುಂದಿನ ಫೋಟೊ ಮೊದಲಿನಂತೆ ಇರುವುದಿಲ್ಲ. ಬನ್ನಿ, ಒಂದೊಂದಾಗಿ ನೋಡೋಣ!

ಮೊದಲಿಗೆ ಮಡಗಾಂವ್. ಅಲ್ಲಿ ಮೌಜೋ ಫೋಟೊ ಸ್ಟುಡಿಯೊ ಅಂತ ಒಂದಿತ್ತು. ಸೋದರಮಾವನ ಆ ಸ್ಟುಡಿಯೊದಲ್ಲಿ ಒಬ್ಬ ಹುಡುಗ ಕಪ್ಪು-ಬಿಳುಪು ಫೋಟೊಗಳಿಗೆ ಬಣ್ಣ ಹಚ್ಚುತ್ತಾ ಕೂರುತ್ತಿದ್ದ. ಆ ಹುಡುಗನೇ ಮುಂದೆ ಪದ್ಮಭೂಷಣ ಪಡೆದ ಲಕ್ಷ್ಮಣ ಪೈ! ಗೋವಾದ ಇಷ್ಟು ದೊಡ್ಡ ಚಿತ್ರಕಾರನಿಗೆ ಕಲೆಯ ಬಾಗಿಲು ತೆರೆದದ್ದೇ ಒಂದು ಫೋಟೊ ಅಂಗಡಿ!

ಫೋಟೊಗೆ ಕೈಯಲ್ಲಿ ಬಣ್ಣ ಹಚ್ಚುವುದು ಮಕ್ಕಳಾಟ ಅಂದುಕೊಂಡಿರಾ? ಕಡ್ಡಿಯ ತುದಿಗೆ ಚೂರೇ ಚೂರು ಹತ್ತಿ ಸುತ್ತಬೇಕು. ಅದಕ್ಕೆ ತೆಳುವಾದ ಎಣ್ಣೆ ಬಣ್ಣ ತಾಗಿಸಬೇಕು. ಮೊದಲು ಮುಖದ ಮೈಬಣ್ಣ, ಆಮೇಲೆ ಕೆನ್ನೆಗೆ ಒಂದಿಷ್ಟು ಕೆಂಪು, ಆಮೇಲೆ ತುಟಿ. ಸೀರೆಯ ಅಂಚು, ಮೂಗುತಿ, ಬಳೆಗಳಿಗೆ ಕೂದಲೆಳೆಯಂಥ ಕುಂಚ. ಬಣ್ಣ ಒಂಚೂರು ದಪ್ಪವಾದರೂ ಅಡಿಯ ಫೋಟೊ ಮುಚ್ಚಿಹೋಗುತ್ತದೆ. ನೆರಳು ಎಲ್ಲಿದೆಯೋ ಅಲ್ಲೇ ಇರಬೇಕು, ಬಣ್ಣ ಮಾತ್ರ ಅದರ ಮೇಲೆ ತೇಲಬೇಕು!

ಇನ್ನೂ ಒಂದು ಸೋಜಿಗ ಕೇಳಿ. ಹಳೆಯ ಸ್ಟುಡಿಯೊಗಳಲ್ಲಿ ಮುಖದ ಸುಕ್ಕು ತೆಗೆಯಲು ಪೆನ್ಸಿಲ್ ಬಳಸುತ್ತಿದ್ದರು. ಹೌದು, ಮಾಮೂಲಿ ಪೆನ್ಸಿಲ್! ಸೂಜಿಯಂತೆ ಚೂಪು ಮಾಡಿ, ನೆಗೆಟಿವ್ ಮೇಲೆ ಸಣ್ಣ ಸಣ್ಣ ಚುಕ್ಕೆ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪಾದ ಜಾಗ ಪ್ರಿಂಟ್‌ನಲ್ಲಿ ಬೆಳ್ಳಗಾಗುತ್ತದಲ್ಲ? ಸುಕ್ಕು ಮಾಯ! ಇವತ್ತು ಮೊಬೈಲಿನಲ್ಲಿ ಒಂದು ಬೆರಳು ಸವರಿ ಮಾಡುವ ಕೆಲಸವನ್ನು ಅಂದು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಮಾಡುತ್ತಿದ್ದರು.

ಫೋಟೊ ಸ್ಟುಡಿಯೊದಿಂದ ಹೊರಟ ಆ ಹುಡುಗ ಎಲ್ಲಿಗೆ ಹೋದ ಗೊತ್ತೇ? ಮುಂಬೈಯ ಜೆ.ಜೆ. ಕಲಾಶಾಲೆಗೆ. ಅಲ್ಲಿಂದ ಸೀದಾ ಪ್ಯಾರಿಸ್‌ಗೆ! ಅಲ್ಲಿ ಹತ್ತು ವರ್ಷ ಇದ್ದು ಊರಿಗೆ ಬಂದು, 1977ರಿಂದ ಹತ್ತು ವರ್ಷ ಗೋವಾ ಕಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದರು.

ಈ ಲಕ್ಷ್ಮಣ ಪೈ ರಾಗಗಳನ್ನೂ ಬಣ್ಣದಲ್ಲಿ ಬಿಡಿಸಿದವರು! ಕಿವಿಗೆ ಕೇಳಿದ್ದು ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಹುಡುಕಿದವರು. ನೀವೂ ಒಮ್ಮೆ ಮಾಡಿ ನೋಡಿ. ಇಷ್ಟದ ಒಂದು ರಾಗ ಕೇಳುತ್ತಾ ಮಳೆಗಾಲದ ಗದ್ದೆಯ ಫೋಟೊ ತೆಗೆಯಿರಿ. ಕೈ ತಾನಾಗಿಯೇ ನಿಧಾನವಾಗುತ್ತದೆ!

ಈಗ ಒಂದು ಲೆಕ್ಕ. ಲಕ್ಷ್ಮಣ ಪೈ ಹುಟ್ಟಿದ್ದು 1926ರ ಜನವರಿಯಲ್ಲಿ. ಮಾರಿಯೋ ಮಿರಾಂಡಾ ಹುಟ್ಟಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ಎಫ್.ಎನ್. ಸೋಜಾ ಹುಟ್ಟಿದ್ದು 1924ರ ಏಪ್ರಿಲ್‌ನಲ್ಲಿ. ವಿ.ಎಸ್. ಗಾಯ್ತೊಂಡೆ ಹುಟ್ಟಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ಎಲ್ಲರೂ ಗೋವಾ ಮೂಲದವರೇ. ಹೆಚ್ಚುಕಡಿಮೆ ಎರಡೇ ವರ್ಷದಲ್ಲಿ ನಾಲ್ಕು ಮಂದಿ ದಿಗ್ಗಜರು! ಅಷ್ಟು ಪುಟ್ಟ ನೆಲಕ್ಕೆ ಇದೆಂಥ ಫಸಲು!

ಮಾರಿಯೋ ಅಂದರೆ ಗೊತ್ತಲ್ಲ? ಗುಂಡು ಗುಂಡು ಕಣ್ಣಿನ, ಚೂಪು ಮೂಗಿನ, ತುಂಬಿ ತುಳುಕುವ ಜನರ ಚಿತ್ರಗಳ ಮಾರಿಯೋ ಮಿರಾಂಡಾ. ಅವರು ಶಾಲೆ ಕಲಿತದ್ದು ಎಲ್ಲಿ ಹೇಳಿ ನೋಡೋಣ. ನಮ್ಮ ಬೆಂಗಳೂರಿನಲ್ಲಿ! ಸೇಂಟ್ ಜೋಸೆಫ್ ಬಾಲಕರ ಶಾಲೆಯ ವಿದ್ಯಾರ್ಥಿ ಅವರು.

ಅವರು ಯಾವ ಕಲಾಶಾಲೆಯಲ್ಲೂ ಚಿತ್ರಕಲೆ ಕಲಿಯಲಿಲ್ಲ ಅಂದರೆ ನಂಬುತ್ತೀರಾ? ಕಾಲೇಜಿನಲ್ಲಿ ಓದಿದ್ದು ಇತಿಹಾಸ. ಚಿಕ್ಕಂದಿನಲ್ಲಿ ಮನೆಯ ಗೋಡೆ ತುಂಬ ಗೀಚುತ್ತಿದ್ದರಂತೆ. ಗೋಡೆ ಉಳಿಸಿಕೊಳ್ಳಲು ತಾಯಿ ಒಂದು ಖಾಲಿ ಪುಸ್ತಕ ತಂದುಕೊಟ್ಟರು. ಆ ತಾಯಿಗೆ ನಾವೆಲ್ಲ ಕೈ ಮುಗಿಯಬೇಕು!

ಆ ಪುಸ್ತಕ ಹವ್ಯಾಸವಾಯಿತು, ಹವ್ಯಾಸ ದಿನಚರಿಯಾಯಿತು. ಬೇರೆಯವರು ದಿನಚರಿ ಬರೆದರೆ ಮಾರಿಯೋ ದಿನಚರಿ ಬಿಡಿಸಿದರು! ಊರಿನ ಪಾದ್ರಿ, ಮದುವೆ ಮನೆ, ಬಸ್ಸಿನ ನೂಕುನುಗ್ಗಲು, ಸಂಜೆಯ ಹರಟೆ, ಎಲ್ಲವೂ ಆಯಾ ದಿನದ ಪುಟದಲ್ಲಿ. 1949, 1950, 1951ರ ಆ ದಿನಚರಿಗಳು ಈಗ ಪುಸ್ತಕಗಳಾಗಿವೆ. ದಿನಕ್ಕೊಂದು ಫೋಟೊ ತೆಗೆದು ಹಾಕುವ ಈಗಿನ ಅಭ್ಯಾಸವಿದೆಯಲ್ಲ, ಅದನ್ನು ಮಾರಿಯೋ ಎಪ್ಪತ್ತೈದು ವರ್ಷಗಳ ಹಿಂದೆಯೇ ಶಾಯಿಯಲ್ಲಿ ಮಾಡಿ ಮುಗಿಸಿದ್ದರು!

ಮಾರಿಯೋ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ಪೇಟೆಯ ಚಿತ್ರ ಅಂತಿಟ್ಟುಕೊಳ್ಳಿ. ಮುಂದೆ ಮೀನು ಮಾರುವ ಹೆಂಗಸು. ಅವಳ ಹಿಂದೆ ಚೌಕಾಸಿ ಮಾಡುವ ಗಂಡಸು. ಅವನ ಹಿಂದೆ ಕಿಟಕಿಯಿಂದ ಇಣುಕುವ ಅಜ್ಜಿ. ಕಾಲಡಿಯಲ್ಲಿ ಒಂದು ನಾಯಿ. ಯಾವ ಮೂಲೆಯೂ ಖಾಲಿ ಇಲ್ಲ. ಆದರೂ ಯಾರೂ ಯಾರನ್ನೂ ಮುಚ್ಚಿಲ್ಲ! ಜಾತ್ರೆಯಲ್ಲಿ ಫೋಟೊ ತೆಗೆಯುವಾಗ ನಮ್ಮದೆಲ್ಲ ಬರೀ ತಲೆಗಳ ರಾಶಿಯಾಗುತ್ತದಲ್ಲ? ಮಾರಿಯೋ ನೋಡಿದವರು ಒಂದು ಮೆಟ್ಟಿಲು ಮೇಲೆ ಹತ್ತಿ ನಿಂತು, ತಲೆಗಳ ನಡುವೆ ಸಂದು ಕಾಣುವವರೆಗೆ ಕಾಯುತ್ತಾರೆ.

ಪಣಜಿಯಲ್ಲಿ ಮಾಂಡೋವಿ ನದಿಯ ದಂಡೆಯಲ್ಲಿ ಕಲಾ ಅಕಾಡೆಮಿ ಇದೆ. ಕಟ್ಟಡದ ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದು. ಅವರ ಬೇರೂ ಗೋವಾದ್ದೇ. ಅದರ ಸಭಾಂಗಣದ ಗೋಡೆಗಳ ಮೇಲೆ ಮಾರಿಯೋ ಏನು ಬಿಡಿಸಿದರು ಗೊತ್ತೇ? ಹಳೇ ಕಾಲದ ನಾಟಕಶಾಲೆಯ ಬಾಲ್ಕನಿಗಳು! ಅದರಲ್ಲಿ ಕುಳಿತು ನಾಟಕ ನೋಡುವ ಪ್ರೇಕ್ಷಕರು! ಆಟ ಶುರುವಾಗುವ ಮುಂಚೆಯೇ ಸಭಾಂಗಣ ಅರ್ಧ ತುಂಬಿದಂತೆ!

ಲೌಟೋಲಿಂ ಊರಿನ ಮಾರಿಯೋ ಮನೆ ಸಿನಿಮಾದಲ್ಲೂ ನಟಿಸಿದೆ! ಶ್ಯಾಮ್ ಬೆನಗಲ್ ಅವರ 'ತ್ರಿಕಾಲ್' ಚಿತ್ರೀಕರಣ ನಡೆದದ್ದು ಅದೇ ಮನೆಯಲ್ಲಿ. ಚಿತ್ರ ಬಂದದ್ದು 1985ರಲ್ಲಿ. ಅಶೋಕ್ ಮೆಹ್ತಾ ಅವರ ಕ್ಯಾಮೆರಾ. ಮೇಣದ ಬತ್ತಿಯ ಬೆಳಕಿನ ಅದರ ದೃಶ್ಯಗಳು ಇಂದಿಗೂ ಹೆಸರುವಾಸಿ. ಕತ್ತಲಲ್ಲಿ ಫೋಟೊ ತೆಗೆಯಲು ಹೆದರುವವರು ಆ ಸಿನಿಮಾವನ್ನು ಒಮ್ಮೆ ನೋಡಲೇಬೇಕು.

ಬೆಳಕಿನ ಮಾತು ಬಂತಲ್ಲ, ಇದನ್ನು ಕೇಳಿ. ಗೋವಾದ ಹಳೇ ಮನೆಗಳ ಕಿಟಕಿಗೆ ಗಾಜಿಲ್ಲ. ಅಲ್ಲಿರುವುದು ಚಿಪ್ಪು! ಸಮುದ್ರದ ಚಿಪ್ಪು!

ನಿಜವಾಗಿಯೂ. ಅಳಿವೆಯ ಕೆಸರಿನಲ್ಲಿ ಚಪ್ಪಟೆಯಾದ ಒಂದು ಜಾತಿಯ ಸಿಂಪಿ ಬೆಳೆಯುತ್ತದೆ. ಚಿಪ್ಪು ಎಷ್ಟು ತೆಳು ಎಂದರೆ ಬೆಳಕು ಅದರ ಮೂಲಕ ಹಾದು ಬರುತ್ತದೆ. ಗಾಜು ದುಬಾರಿಯಾಗಿದ್ದ ಕಾಲ. ಆ ಚಿಪ್ಪನ್ನು ಅಂಗೈ ಅಗಲದ ಚೌಕಗಳಾಗಿ ಕತ್ತರಿಸಿ, ಮರದ ಪಟ್ಟಿಗಳ ನಡುವೆ ಸಾಲಾಗಿ ಸಿಕ್ಕಿಸುತ್ತಿದ್ದರು. ಇಡೀ ಕಿಟಕಿ ಮುತ್ತಿನಂತೆ ಹೊಳೆಯುತ್ತಿತ್ತು!

ಆ ಕಿಟಕಿಯ ಪಕ್ಕ ಒಬ್ಬರನ್ನು ಕೂರಿಸಿ ನೋಡಿ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಹಾಲು ಚೆಲ್ಲಿದಂಥ ಬೆಳಕು. ಮೂಗಿನ ನೆರಳೂ ಮೆತ್ತಗೆ, ಕಣ್ಣಿನಲ್ಲಿ ಸಣ್ಣದೊಂದು ಬಿಳಿ ಮಿಂಚು. ಸ್ಟುಡಿಯೊದವರು ಇದೇ ಬೆಳಕಿಗಾಗಿ ದೀಪದ ಮುಂದೆ ಬಿಳಿ ಬಟ್ಟೆಯ ದೊಡ್ಡ ಡಬ್ಬಿ ಕಟ್ಟುತ್ತಾರೆ. ಗೋವಾದ ಅಜ್ಜಿಯರಿಗೆ ಅದು ಕಿಟಕಿಯಲ್ಲೇ ಸಿಕ್ಕಿತ್ತು! ನಿಮ್ಮ ಊರಲ್ಲಿ ಆ ಚಿಪ್ಪಿಲ್ಲವೇ? ಕಿಟಕಿಗೆ ಒಂದು ಬಿಳಿ ಪಂಚೆ ಇಳಿಬಿಡಿ. ಕೆಲಸ ಆಯಿತು!

ಅಂದ ಹಾಗೆ, ಆ ಸಿಂಪಿ ಈಗಲೂ ಗೋವಾದ ಚಿಕಾಲಿಂ ಕೊಲ್ಲಿಯಲ್ಲಿದೆ. ಅದನ್ನು ಕೀಳುವುದು ಕಾನೂನಿಗೆ ವಿರುದ್ಧ. ಉಳಿದಿರುವ ಹಳೇ ಕಿಟಕಿಗಳಿಗೆ ಆದ್ದರಿಂದಲೇ ಅಷ್ಟು ಬೆಲೆ.

ಗೋವಾದಲ್ಲೊಬ್ಬ ರೆಂಬ್ರಾಂಟ್ ಇದ್ದರು ಗೊತ್ತೇ? 1870ರಲ್ಲಿ ಹುಟ್ಟಿದ ಆಂತೋನಿಯೋ ಕ್ಸಾವಿಯೆರ್ ತ್ರಿಂದಾದೆ. ಪೂರ್ವದ ರೆಂಬ್ರಾಂಟ್ ಎಂದೇ ಅವರನ್ನು ಕರೆದರು. ಕಪ್ಪು ಹಿನ್ನೆಲೆ, ಒಂದು ಕಡೆಯಿಂದ ಬರುವ ಬೆಳಕು, ಅದರಲ್ಲಿ ಅರಳುವ ಮುಖ. ಅವರ ಚಿತ್ರಗಳನ್ನು ಪಣಜಿಯ ಫೊಂಟೇನ್ಹಾಸ್‌ನಲ್ಲಿರುವ ಫುಂಡಸಾಂವ್ ಒರಿಯೆಂತ್ ಸಂಸ್ಥೆಯಲ್ಲಿ ಇಟ್ಟಿದ್ದಾರೆ.

ಇನ್ನೊಂದು ಬೆರಗು! ಫೋಟೊ ಸ್ಟುಡಿಯೊಗಳಲ್ಲಿ ಒಂದು ಬೆಳಕಿನ ಹೆಸರೇ ರೆಂಬ್ರಾಂಟ್ ಬೆಳಕು. ದೀಪವನ್ನು ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಇಡಬೇಕು. ಆಗ ನೆರಳಿರುವ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ಪುಟ್ಟ ತ್ರಿಕೋನ ಮೂಡುತ್ತದೆ. 17ನೇ ಶತಮಾನದ ಒಬ್ಬ ಡಚ್ ಚಿತ್ರಕಾರ ಇಂದಿಗೂ ಪ್ರತಿ ಸ್ಟುಡಿಯೊದಲ್ಲಿ ಪಾಠ ಮಾಡುತ್ತಿದ್ದಾನೆ! ಇವತ್ತು ಸಂಜೆಯೇ ಮನೆಯ ಟೇಬಲ್ ದೀಪ ಹಿಡಿದು ಆ ತ್ರಿಕೋನ ಹುಡುಕಿ. ಸಿಕ್ಕಾಗ ಕುಣಿದಾಡುತ್ತೀರಿ!

ತ್ರಿಂದಾದೆಯ ಮಗಳು ಆಂಜೆಲಾ ಕೂಡ ಹೆಸರಾಂತ ಚಿತ್ರಕಾರ್ತಿ. ಅಪ್ಪ-ಮಗಳು ಇಬ್ಬರ ಕೈಯಲ್ಲೂ ಕುಂಚ!

ಈಗ ಒಂದು ಹಳ್ಳಿಗೆ ಹೋಗೋಣ. ಹೆಸರು ಸಾಲಿಗಾಂವ್. ಕಲಂಗುಟ್ ಕಡಲ ತೀರಕ್ಕೆ ಹತ್ತಿರ. ನೀವು ಅದರ ಮೂಲಕ ಹಾದುಹೋಗಿರಬಹುದು, ಕಾರು ನಿಲ್ಲಿಸಿರಲಿಕ್ಕಿಲ್ಲ. ಎಫ್.ಎನ್. ಸೋಜಾ ಹುಟ್ಟಿದ್ದು ಇಲ್ಲೇ!

ಸೋಜಾ ಎಳೆಯ ಮಗುವಾಗಿದ್ದಾಗ ಸಿಡುಬು ಬಂತು. ಮಗು ಬದುಕಿದರೆ ಸಂತ ಫ್ರಾನ್ಸಿಸ್ ಕ್ಸೇವಿಯರ್‌ಗೆ ಒಪ್ಪಿಸುತ್ತೇನೆಂದು ತಾಯಿ ಹರಕೆ ಹೊತ್ತರು. ಮಗು ಬದುಕಿತು. ಹೆಸರಿಗೆ ಫ್ರಾನ್ಸಿಸ್ ಸೇರಿತು. ಆದರೆ ಅವರು ಪಾದ್ರಿಯಾಗಲಿಲ್ಲ, ಬಂಡಾಯದ ಚಿತ್ರಕಾರರಾದರು! ಕ್ವಿಟ್ ಇಂಡಿಯಾ ಚಳವಳಿಯನ್ನು ಬೆಂಬಲಿಸಿದ್ದಕ್ಕೆ 1945ರಲ್ಲಿ ಕಲಾಶಾಲೆಯಿಂದ ಹೊರಬಿದ್ದರು. ಎರಡೇ ವರ್ಷದಲ್ಲಿ, 1947ರಲ್ಲಿ, ಹುಸೇನ್, ರಝಾ ಮುಂತಾದವರೊಂದಿಗೆ ಪ್ರೋಗ್ರೆಸಿವ್ ಕಲಾವಿದರ ಗುಂಪು ಕಟ್ಟಿದರು.

ಫೋಟೊಪ್ರಿಯರು ಬಾಯಿ ಬಿಡುವಂಥ ವಿಷಯ ಇಲ್ಲಿದೆ. ಸೋಜಾ ನಿಯತಕಾಲಿಕೆಗಳ ಪುಟ ಹರಿದುಕೊಳ್ಳುತ್ತಿದ್ದರು. ಅದರಲ್ಲಿ ಅಚ್ಚಾದ ಫೋಟೊಗಳ ಮೇಲೆ ರಾಸಾಯನಿಕ ಹಚ್ಚಿ ಶಾಯಿಯನ್ನೇ ಕರಗಿಸುತ್ತಿದ್ದರು! ಕರಗಿದ ಬಣ್ಣದ ನಡುವೆ ತಮ್ಮ ಚಿತ್ರ ಬಿಡಿಸುತ್ತಿದ್ದರು. ಬೇರೆಯವರ ಫೋಟೊ ಕರಗಿ ಸೋಜಾ ಚಿತ್ರವಾಗುತ್ತಿತ್ತು!

ಸಾಕೇ? ಇಲ್ಲ. ಬರೀ ಕಪ್ಪು ಬಣ್ಣದ ಮೇಲೆ ಕಪ್ಪು ಬಣ್ಣದಲ್ಲೇ ಚಿತ್ರ ಬರೆದು 1966ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಮಾಡಿದರು. ನೇರ ನಿಂತರೆ ಬರೀ ಕಪ್ಪು. ಪಕ್ಕಕ್ಕೆ ಸರಿದರೆ ಬಣ್ಣದ ಉಬ್ಬಿನ ಮೇಲೆ ಬೆಳಕು ಬಿದ್ದು ಮುಖ ಕಾಣುತ್ತದೆ! ಫೋಟೊ ತೆಗೆಯುವವರು ನಿಂತಲ್ಲೇ ನಿಲ್ಲಬಾರದು ಅಂತ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಸಾಲಿಗಾಂವ್‌ನಲ್ಲಿ ದಯನಿತಾ ಸಿಂಗ್ ಕೂಡ ಕ್ಯಾಮೆರಾ ಹಿಡಿದು ಓಡಾಡಿದ್ದಾರೆ! ಅಲ್ಲಿನ ದೆಮೆಲ್ಲೊ ವಾಡೆಯ ಹೆಸರಿನಲ್ಲೇ 2000ದಲ್ಲಿ ಫೋಟೊ ಪ್ರದರ್ಶನ ಮಾಡಿದರು. ಅದೂ ಎಲ್ಲಿ? ಅದೇ ಊರಿನ ಸಾಲಿಗಾಂವ್ ಇನ್‌ಸ್ಟಿಟ್ಯೂಟ್‌ನಲ್ಲಿ! ಊರಿನ ಚಿತ್ರ ಮೊದಲು ಊರಿನವರಿಗೆ. ಎಂಥ ಚೆಂದ!

ಈ ದಯನಿತಾ ಸಿಂಗ್ ಫೋಟೊಗ್ರಾಫರ್ ಆದದ್ದೇ ಒಂದು ಬೀಳುವಿಕೆಯಿಂದ. ವಿದ್ಯಾರ್ಥಿನಿಯಾಗಿದ್ದಾಗ ತಬಲಾ ವಾದಕ ಜಾಕಿರ್ ಹುಸೇನ್ ಅವರ ಕಛೇರಿಯ ಫೋಟೊ ತೆಗೆಯಲು ಹೋದರು. ಸಂಘಟಕರು ತಡೆದರು. ತಳ್ಳಾಟದಲ್ಲಿ ಬಿದ್ದೇಬಿಟ್ಟರು. ಸಿಟ್ಟಿನಿಂದ ಜಾಕಿರ್ ಅವರ ಎದುರೇ ನಿಂತು, ಮುಂದೊಂದು ದಿನ ನಾನು ದೊಡ್ಡ ಫೋಟೊಗ್ರಾಫರ್ ಆಗುತ್ತೇನೆ ಎಂದರಂತೆ. 1986ರಲ್ಲಿ ಜಾಕಿರ್ ಅವರ ಮೇಲೇ ಮೊದಲ ಫೋಟೊ ಪುಸ್ತಕ ಬಂತು! 2022ರಲ್ಲಿ ಫೋಟೊಗ್ರಫಿಯ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿಯೂ ಬಂತು!

ತಮ್ಮ ಮೊದಲ ಗುರು ಯಾರು ಎಂದು ಕೇಳಿದರೆ ಅವರು ಯಾವ ಫೋಟೊಗ್ರಾಫರ್ ಹೆಸರನ್ನೂ ಹೇಳುವುದಿಲ್ಲ. ಜಾಕಿರ್ ಹುಸೇನ್ ಎನ್ನುತ್ತಾರೆ! ರಿಯಾಜ್ ಎಂದರೇನು ಎಂದು ಕಲಿತದ್ದು ತಬಲಾ ವಾದಕನಿಂದ. ಕ್ಯಾಮೆರಾಗೂ ದಿನಾ ಸಾಧನೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಸಾಲಿಗಾಂವ್ ಕಥೆ ಇನ್ನೂ ಮುಗಿದಿಲ್ಲ. 2017ರಲ್ಲಿ ಗೋವಾಫೋಟೊ ಉತ್ಸವ ನಡೆದದ್ದೂ ಇಲ್ಲೇ. ಗ್ಯಾಲರಿ ಯಾವುದು ಗೊತ್ತೇ? ಊರಿನವರ ಮನೆಗಳು! ಜಗುಲಿ, ಪಡಸಾಲೆ, ಊಟದ ಕೋಣೆ, ಎಲ್ಲೆಲ್ಲೂ ದೇಶವಿದೇಶದ ಫೋಟೊಗಳು. ಒಂದೇ ಹಳ್ಳಿಗೆ ಇಷ್ಟೆಲ್ಲ ಭಾಗ್ಯ!

ಪ್ರಬುದ್ಧ ದಾಸ್‌ಗುಪ್ತಾ ಹೆಸರು ಕೇಳಿದ್ದೀರಾ? ಫ್ಯಾಷನ್ ಲೋಕದ ದೊಡ್ಡ ಛಾಯಾಗ್ರಾಹಕ, ಗೋವಾದಲ್ಲಿ ನೆಲೆಸಿದ್ದವರು. ಇವರು ಚಿತ್ರಗಳ ನಡುವೆಯೇ ಬೆಳೆದವರು, ಅಕ್ಷರಶಃ! ತಂದೆ ಪ್ರದೋಷ್ ದಾಸ್‌ಗುಪ್ತಾ ಶಿಲ್ಪಿ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಮುಖ್ಯಸ್ಥರು. ಬೇರೆ ಮಕ್ಕಳು ಮೈದಾನದಲ್ಲಿ ಆಡಿದರೆ ಈ ಮಗು ಆಡಿದ್ದು ದೇಶದ ಅತಿ ದೊಡ್ಡ ಚಿತ್ರಶಾಲೆಯ ಅಂಗಳದಲ್ಲಿ!

ಗೋವಾದ ಕ್ಯಾಥೊಲಿಕ್ ಕುಟುಂಬಗಳ ಮೇಲೆ ಅವರು ತಂದ ಫೋಟೊ ಪುಸ್ತಕ 2009ರಲ್ಲಿ ಬಂತು. ಅದಕ್ಕೆ ಮಾತು ಬರೆದವರು ವಿಲಿಯಂ ಡಾಲ್ರಿಂಪಲ್. ಬಣ್ಣದ ಗೋವಾವನ್ನು ಪೂರ್ತಿ ಕಪ್ಪು-ಬಿಳುಪಿನಲ್ಲಿ ತೋರಿಸಿದ್ದಾರೆ! ಕಡಲಿಲ್ಲ, ಪಾರ್ಟಿಯಿಲ್ಲ. ಮನೆಗಳು, ಮುಖಗಳು, ಪ್ರಾರ್ಥನೆ. ನನ್ನ ಮಟ್ಟಿಗೆ ಗೋವಾದ ಬಗ್ಗೆ ಬಂದ ಫೋಟೊ ಪುಸ್ತಕಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಶಶಿ ಕಪೂರ್ ಮಗ ಕರಣ್ ಕಪೂರ್ ಸಿನಿಮಾದಲ್ಲಿ ನಟಿಸಿದ್ದು ನಿಮಗೆ ನೆನಪಿರಬಹುದು. ಫೋಟೊಗ್ರಾಫರ್ ಎಂದು ಗೊತ್ತಿತ್ತೇ? 1980ರ ದಶಕದಲ್ಲಿ ಆಂಗ್ಲೋ-ಇಂಡಿಯನ್ನರನ್ನೂ ಗೋವಾದ ಕ್ಯಾಥೊಲಿಕರನ್ನೂ ಸೆರೆಹಿಡಿದರು. ಆ ಚಿತ್ರಗಳು ದೊಡ್ಡ ಪ್ರದರ್ಶನವಾಗಿ ಜನರ ಮುಂದೆ ಬಂದದ್ದು 2016ರಲ್ಲಿ! ಮಾಡಿಸಿದ್ದು ನಮ್ಮ ಬೆಂಗಳೂರಿನ ತಸ್ವೀರ್ ಗ್ಯಾಲರಿ. ಆದ್ದರಿಂದ ಹಳೇ ಫೋಟೊ ಅಳಿಸುವ ಮುಂಚೆ ಒಂದು ಸಲ ಯೋಚಿಸಿ!

ಒಂದು ಹೆಜ್ಜೆ ಗೋವಾದಾಚೆ ಇಡೋಣವೇ? ಫೋಟೊಗ್ರಫಿಗೆ ಒಂದು ದಾರಿ ತೆರೆದದ್ದು ಯಾಕೆ ಗೊತ್ತೇ? ಒಬ್ಬರಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ! ಇಂಗ್ಲೆಂಡಿನ ಟಾಲ್ಬಟ್ 1833ರಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಕೂತು ಚಿತ್ರ ಬರೆಯಲು ಹೆಣಗಾಡಿದರು. ಬರಲಿಲ್ಲ. ಪ್ರಕೃತಿಯೇ ಕಾಗದದ ಮೇಲೆ ತನ್ನ ಚಿತ್ರ ತಾನು ಬರೆದುಕೊಂಡರೆ ಹೇಗೆ ಎಂದು ಹೊಳೆದದ್ದು ಆಗಲೇ! ಚಿತ್ರ ಬರೆಯಲು ಬಾರದ ನಮಗೆಲ್ಲ ಅವರು ಮಹಾಗುರು.

ಇತ್ತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸಾಂ ಚಿತ್ರಕಾರ ಆಂದ್ರೆ ಲೋತ್ ಬಳಿ ಕುಂಚ ಕಲಿತವರು. ಜಗತ್ತಿನ ಬೀದಿಗಳನ್ನೆಲ್ಲ ಸೆರೆಹಿಡಿದು, 1970ರ ದಶಕದಲ್ಲಿ ಕ್ಯಾಮೆರಾ ಬದಿಗಿಟ್ಟು ಮತ್ತೆ ಪೆನ್ಸಿಲ್ ಹಿಡಿದರು!

ಬೀದಿ ಫೋಟೊಗ್ರಫಿ ಹೊಸದು ಅಂದುಕೊಂಡಿದ್ದೀರಾ? ಗೋವಾದ ಬೀದಿಯನ್ನು 1580ರ ದಶಕದಲ್ಲೇ ಒಬ್ಬರು ಸೆರೆಹಿಡಿದರು! ಕ್ಯಾಮೆರಾ ಹುಟ್ಟಲು ಇನ್ನೂ ಇನ್ನೂರೈವತ್ತು ವರ್ಷ ಬಾಕಿ ಇತ್ತು. ಯಾನ್ ಹಾಯ್ಗೆನ್ ವಾನ್ ಲಿನ್‌ಸ್ಕೋಟೆನ್ ಎಂಬ ಡಚ್ಚರು, ಗೋವಾದ ಆರ್ಚ್‌ಬಿಷಪ್ ಬಳಿ ಕಾರ್ಯದರ್ಶಿ. ಸಂತೆ, ಪಲ್ಲಕ್ಕಿ, ಕೊಡೆ ಹಿಡಿದ ಆಳು, ಸಾಮಾನು ಹೊತ್ತವರು, ಎಲ್ಲವನ್ನೂ ಬಿಡಿಸಿಕೊಂಡರು. 1596ರ ಅವರ ಪುಸ್ತಕದಲ್ಲಿ ಗೋವಾದ ಪೇಟೆ ಗಿಜಿಗುಡುತ್ತದೆ!

ಇನ್ನೂ ಹಿಂದಕ್ಕೆ ಹೋಗೋಣ. ಸುಮಾರು 1540ರಲ್ಲಿ ಒಬ್ಬ ಭಾರತೀಯ ಚಿತ್ರಕಾರ 76 ಜಲವರ್ಣ ಚಿತ್ರ ಬರೆದ. ಗೋವಾದಲ್ಲೇ ಬರೆದಿರಬೇಕು ಎನ್ನುತ್ತಾರೆ ತಿಳಿದವರು. ಆಫ್ರಿಕದ ಕರಾವಳಿಯಿಂದ ಚೀನಾದವರೆಗಿನ ಜನ, ಅವರ ಉಡುಗೆ, ಮದುವೆ, ಕೆಲಸ ಎಲ್ಲ ಅದರಲ್ಲಿದೆ. ಆ ಪುಸ್ತಕ ಈಗ ರೋಮ್‌ನ ಕಸನಾತೆನ್ಸೆ ಗ್ರಂಥಾಲಯದಲ್ಲಿದೆ. ಚಿತ್ರಕಾರನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ!

1547ರಲ್ಲಿ ಗೋವಾದ ಆಡಳಿತಗಾರ ಜುವಾಂವ್ ದೆ ಕಾಸ್ತ್ರೊಗೆ ಒಂದು ಆಸೆ ಹುಟ್ಟಿತು. ತನಗಿಂತ ಹಿಂದಿನ ಎಲ್ಲ ಗವರ್ನರ್‌ಗಳ ಭಾವಚಿತ್ರ ಬೇಕು! ಅವರನ್ನೆಲ್ಲ ಕಣ್ಣಾರೆ ಕಂಡಿದ್ದ ಇತಿಹಾಸಕಾರ ಗಾಸ್ಪರ್ ಕೊರೇಯಾಗೆ ಕೆಲಸ ಬಂತು. ಆತ ಒಬ್ಬ ಸ್ಥಳೀಯ ಚಿತ್ರಕಾರನನ್ನು ಕೂರಿಸಿಕೊಂಡು, ನೆನಪಿನಿಂದ ಮುಖ ಹೇಳುತ್ತಾ ಬರೆಸಿದ. ಈ ಚಿತ್ರಕಾರನ ಹೆಸರೂ ಉಳಿದಿಲ್ಲ. ಅಲ್ಲಿಂದ ಬೆಳೆದ ಆ ಚಿತ್ರಮಾಲೆ ಹಳೇ ಗೋವಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ.

ಮುಂದಿನದು ಇನ್ನೂ ಚೆನ್ನಾಗಿದೆ. ಅವುಗಳಲ್ಲಿ ಕೆಲವನ್ನು ಲಿಸ್ಬನ್‌ಗೆ ಒಯ್ದು ಎಕ್ಸ್-ರೇ ತೆಗೆದರು. ನೋಡಿದರೆ ಮೇಲಿನ ಬಣ್ಣದ ಅಡಿಯಲ್ಲಿ ಹಳೇ ಚಿತ್ರ! ಕಾಲಕಾಲಕ್ಕೆ ರಿಪೇರಿ ಮಾಡಿದವರು ಅದರ ಮೇಲೆಯೇ ಬಳಿದಿದ್ದರು. ಅಡಗಿದ್ದ ಚಿತ್ರವನ್ನು ಹೊರಗೆಳೆದದ್ದು ಕೊನೆಗೂ ಒಂದು ಬಗೆಯ ಫೋಟೊಗ್ರಫಿಯೇ!

ಇನ್ನೂ ಹಳೆಯದು ಬೇಕೇ? ಕುಶಾವತಿ ನದಿಯ ದಂಡೆಗೆ ಬನ್ನಿ. ಉಸ್ಗಳಿಮಳ್. ಜಂಬಿಟ್ಟಿಗೆ ಬಂಡೆಯ ನೆಲದ ಮೇಲೆ ಗೂಳಿ, ಜಿಂಕೆ, ನವಿಲು, ಕುಣಿಯುವ ಹೆಣ್ಣು, ಸುತ್ತಿ ಸುತ್ತಿ ಹೋಗುವ ಚಕ್ರವ್ಯೂಹದಂಥ ರೇಖೆ. ಸಾವಿರಾರು ವರ್ಷ ಹಿಂದಿನವು. ಹೊರಜಗತ್ತಿಗೆ ತಿಳಿದದ್ದು ಮಾತ್ರ 1993ರಲ್ಲಿ! ನಡು ಮಧ್ಯಾಹ್ನ ಹೋದರೆ ಏನೂ ಕಾಣದು. ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲು ಗೀರುಗಳಲ್ಲಿ ನೆರಳು ತುಂಬುತ್ತದೆ, ಗೂಳಿ ಎದ್ದು ಬರುತ್ತದೆ!

ಬೆಳಗಿನ ಬಿಸಿಲಿಗೆ ಇನ್ನೊಂದು ಜಾಗ ತಾಂಬ್ಡಿ ಸುರ್ಲಾ. ಕಾಡಿನ ನಡುವೆ ಕರಿಕಲ್ಲಿನ ಮಹಾದೇವ ದೇವಾಲಯ. ಕಟ್ಟಿಸಿದವರು ಕನ್ನಡದಲ್ಲಿ ಶಾಸನ ಬರೆಸಿದ ಗೋವಾ ಕದಂಬರು! ಪೂರ್ವಕ್ಕೆ ಮುಖ. ಮೊದಲ ಕಿರಣ ಸೀದಾ ಗರ್ಭಗುಡಿಗೆ!

ಕಾವಿ ಕಲೆ ನೋಡಿದ್ದೀರಾ? ಗೋವಾದಿಂದ ಉತ್ತರ ಕನ್ನಡದವರೆಗಿನ ದೇವಸ್ಥಾನದ ಗೋಡೆಗಳಲ್ಲಿ ಇರುವುದು. ಚಿಪ್ಪು ಸುಟ್ಟ ಸುಣ್ಣದ ಬಿಳಿ ಗಾರೆ. ಅದರ ಮೇಲೆ ಹುರುಮಂಜಿನ ಕೆಂಪು ಲೇಪ. ಒಣಗುವ ಮೊದಲೇ ಉಕ್ಕಿನ ಕಡ್ಡಿಯಿಂದ ಕೆರೆದರೆ ಕೆಂಪಿನಿಂದ ಬಿಳಿ ಹೂವು ಅರಳುತ್ತದೆ! ಎರಡೇ ಬಣ್ಣ. ಕಪ್ಪು-ಬಿಳುಪು ಫೋಟೊ ಇದ್ದ ಹಾಗೆ ಇದು ಕೆಂಪು-ಬಿಳುಪು!

ಈ ಕಲೆಯ ಬೆನ್ನು ಹತ್ತಿದವರು ಹೊನ್ನಾವರದ ಕೃಷ್ಣಾನಂದ ಕಾಮತ್. ಅವರು ವಿಜ್ಞಾನಿ, ಕನ್ನಡ ಲೇಖಕ, ಛಾಯಾಗ್ರಾಹಕ, ಎಲ್ಲವೂ ಹೌದು! ಜೀರ್ಣೋದ್ಧಾರದ ಹೆಸರಿನಲ್ಲಿ ಹಳೇ ಗೋಡೆಗಳು ಉರುಳುತ್ತಿದ್ದವು. ಕಾಮತರು ಗುಡಿ ಗುಡಿ ಸುತ್ತಿ ಫೋಟೊ ತೆಗೆದರು, ಪುಸ್ತಕ ಬರೆದರು. ಎಷ್ಟೋ ಗೋಡೆಗಳು ಈಗಿಲ್ಲ. ನಮ್ಮ ಕರಾವಳಿಯ ಪ್ರತಿ ಫೋಟೊಗ್ರಾಫರ್ ಅವರ ಹೆಸರನ್ನು ನೆನೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಸುಬೋಧ್ ಕೇರ್ಕರ್ ಡಾಕ್ಟರ್ ಆಗಿದ್ದರು. ಸ್ಟೆತಸ್ಕೋಪ್ ಬಿಟ್ಟು ಕಡಲನ್ನೇ ಕ್ಯಾನ್ವಾಸ್ ಮಾಡಿಕೊಂಡರು! ಮರಳಿನ ಮೇಲೆ ಅವರು ರಚಿಸಿದ ಕಲಾಕೃತಿಗಳನ್ನು ಅಲೆ ಬಂದು ಅಳಿಸುತ್ತದೆ. ಉಳಿಯುವುದು ಫೋಟೊ ಒಂದೇ! 2015ರಲ್ಲಿ ಪಿಳರ್ಣದಲ್ಲಿ ಗೋವಾ ಮ್ಯೂಸಿಯಂ ಶುರು ಮಾಡಿದವರೂ ಇವರೇ.

ಆಂಜೆಲೊ ದಾ ಫೊನ್ಸೆಕಾ ಮೇರಿ ಮಾತೆಗೆ ಸೀರೆ ಉಡಿಸಿದರು! ಶಾಂತಿನಿಕೇತನದಲ್ಲಿ ಕಲಿತು ಬಂದವರು. ಮಾತೆಯ ಮುಖ ನಮ್ಮ ಪಕ್ಕದ ಮನೆಯ ಹೆಣ್ಣುಮಗಳದ್ದೇ. ಪೋರ್ಚುಗೀಸರ ಗೋವಾದಲ್ಲಿ ಅದಕ್ಕೆ ವಿರೋಧ ಎದ್ದಿತು. ಪುಣೆಯಲ್ಲಿ ನೆಲೆ ಕಂಡರು. ಕಂದು ಮೈಬಣ್ಣವನ್ನು ಬಿಳುಪು ಮಾಡದೆ ಹೇಗೆ ಬೆಳಗಿಸಬೇಕು ಎಂದು ನೋಡಲು ಪರ್ವರಿಯ ಕ್ಸೇವಿಯರ್ ಇತಿಹಾಸ ಸಂಶೋಧನಾ ಕೇಂದ್ರದಲ್ಲಿರುವ ಅವರ ಚಿತ್ರಗಳ ಮುಂದೆ ಅರ್ಧ ಗಂಟೆ ನಿಲ್ಲಿ.

ವಾಮನ ನಾವೇಲ್ಕರ್ ತಮ್ಮ ಚಿತ್ರಗಳಿಗೆ ಗಣೇಶ್ ಎಂದು ಸಹಿ ಹಾಕುತ್ತಿದ್ದರು. ಗಣೇಶ್ ಅವರ ತೀರಿಹೋದ ಸೋದರ! ಪೋರ್ಚುಗಲ್, ಮೊಜಾಂಬಿಕ್ ಎಲ್ಲ ಸುತ್ತಿದ ಇವರ ಚಿತ್ರಗಳು ತುಂಬಿದ್ದ ಪೆಟ್ಟಿಗೆಯೇ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಕಳೆದುಹೋಯಿತು. ಎದೆ ಧಸಕ್ ಅನ್ನುತ್ತದೆ ಅಲ್ಲವೇ? ಅವರು ಮತ್ತೆ ಬಿಡಿಸಲು ಕೂತರು. 2021ರಲ್ಲಿ ತೀರಿಕೊಳ್ಳುವಾಗ ವಯಸ್ಸು 92! ನಿಮ್ಮ ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ಇದೆಯೇ? ಈಗಲೇ ನೋಡಿಕೊಳ್ಳಿ.

ಗಾಯ್ತೊಂಡೆ ವರ್ಷಕ್ಕೆ ಬರೆಯುತ್ತಿದ್ದದ್ದು ಐದಾರು ಚಿತ್ರ ಮಾತ್ರ! ಉಳಿದ ಸಮಯ ಏನು ಮಾಡುತ್ತಿದ್ದರು? ಸುಮ್ಮನೆ ಕೂತು ಯೋಚಿಸುತ್ತಿದ್ದರು. ಕುಂಚಕ್ಕಿಂತ ರೋಲರ್ ಮತ್ತು ಚಪ್ಪಟೆ ಅಲಗಿನ ಕೆಲಸವೇ ಹೆಚ್ಚು. ಅವರ ಒಂದು ಚಿತ್ರ 2021ರಲ್ಲಿ ಸುಮಾರು 40 ಕೋಟಿ ರೂಪಾಯಿಗೆ ಹರಾಜಾಯಿತು! ನಾವು ಒಂದೇ ಸಂಜೆಯಲ್ಲಿ 300 ಫೋಟೊ ತೆಗೆಯುತ್ತೇವೆ.

ಫೊಂಟೇನ್ಹಾಸ್‌ಗೆ ಹೋಗದೆ ಇರುತ್ತೀರಾ? ಹಳದಿ, ನೀಲಿ, ಕೆಂಪು ಗೋಡೆಗಳ ಓಣಿ. ಮಳೆಗಾಲ ಕಳೆದ ಮೇಲೆ ಮನೆಗಳಿಗೆ ಮತ್ತೆ ಬಣ್ಣ ಬಳಿಯುವ ರೂಢಿ. ಬಿಳಿ ಬಣ್ಣ ಚರ್ಚ್‌ಗೆ ಮೀಸಲು ಎಂಬ ಮಾತೂ ಇದೆ. ಆದರೆ ಒಂದು ವಿಷಯ. ಅಲ್ಲಿ ಕೆಲವು ಮನೆಗಳ ಮುಂದೆ ಫೋಟೊ ಬೇಡ ಎಂಬ ಫಲಕಗಳಿವೆ. ಬೆಳಗಾದರೆ ಮೆಟ್ಟಿಲ ಮೇಲೆ ಅಪರಿಚಿತರು ಪೋಸು ಕೊಟ್ಟರೆ ಯಾರಿಗೆ ತಾನೇ ಹಿತ? ದಯವಿಟ್ಟು ಬಾಗಿಲು ತಟ್ಟಿ ಕೇಳಿ. ಕೇಳಿದರೆ ಎಷ್ಟೋ ಸಲ ಒಳಗಿನ ಚಿಪ್ಪಿನ ಕಿಟಕಿಯೂ ನೋಡಸಿಗುತ್ತದೆ!

ಮಡಗಾಂವ್ ಸ್ಟುಡಿಯೊದಲ್ಲಿ ಫೋಟೊಗೆ ಬಣ್ಣ ಹಚ್ಚುತ್ತಿದ್ದ ಆ ಹುಡುಗ ನೆನಪಿದ್ದಾನಲ್ಲ? ನಮ್ಮ ಕಡೆಯ ಹಳೇ ಸ್ಟುಡಿಯೊಗಳಲ್ಲೂ ಅಂಥ ಕೈಗಳಿದ್ದವು. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜ-ಅಜ್ಜಿಯ ಬಣ್ಣ ಹಚ್ಚಿದ ಫೋಟೊ ಇದ್ದರೆ ಇವತ್ತೇ ಹೊರತೆಗೆಯಿರಿ. ಕೆನ್ನೆಯ ಕೆಂಪನ್ನು ಓರೆ ಬೆಳಕಿಗೆ ಹಿಡಿದು ನೋಡಿ, ಹತ್ತಿಯ ಗುರುತು ಕಾಣಬಹುದು. ಆಮೇಲೆ ಹಿಂದೆ ತಿರುಗಿಸಿ. ಸ್ಟುಡಿಯೊ ಹೆಸರಿನ ಮೊಹರು ಇದ್ದೀತು. ಫೋಟೊದಲ್ಲಿ ಇರುವವರ ಹೆಸರುಗಳನ್ನು ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನಲ್ಲಿ ಬೇಡ, ಶಾಯಿ ಮುಂದಕ್ಕೆ ಇಂಗುತ್ತದೆ!